ಅಮ್ಮನ ಎರಡು ಪಿಂಚಣಿ

ಸ್ನೇಹಿತರೇ, ಇಂದು ಬ್ರಹ್ಮಾವರದ ಬ್ಯಾಂಕಿನಲ್ಲಿ ಅಮ್ಮ ಪೆನ್ನು ಮುಟ್ಟಲೇ ಒಪ್ಪಲಿಲ್ಲ. ನಿವೃತ್ತ ಟೀಚರಾದ ಅವಳಿಗೆ ತನ್ನದೇ ಪಿಂಚಣಿ ಬರುತ್ತಿದೆ. ಅಪ್ಪಯ್ಯ ತೀರಿಹೋದ ಮೇಲೆ ಅವರ ಕುಟುಂಬ ಪಿಂಚಣಿಯೂ ಅವಳಿಗೇ ಬರಬೇಕು. ಅದರ ಅರ್ಜಿ ಅವಳ ಮುಂದಿತ್ತು.

"ಇದಕ್ಕೆ ಸೈನ್ ಹಾಕ್ರೆ ನಂದ್ ನಿಲ್ಸ್ತ್ರ್ ಕಾಣ್," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಗುಮಾಸ್ತರಿಗೂ ಅದು ಕೇಳಿಸಿತು. "ಇಲ್ಲ ಅಮ್ಮ, ಎರಡೂ ಬತ್ತ್. ಇನ್ನೊಂದ್ ಮದಿ ಆಯ್ಲಿಲ್ಲ ಅಂದೇಳಿ ಇಲ್ಲೊಂದ್ ಸೈನ್ ಹಾಕಿ."

ಮರುಮದುವೆಯ ಮಾತು ಕೇಳಿ ಎಪ್ಪತ್ತು ದಾಟಿದ ಅಮ್ಮ ಅವರನ್ನೇ ದಿಟ್ಟಿಸಿದಳು. "ಮದಿ ಆರೆ ಯಾವ್ದ್ ನಿಲ್ಲತ್ತ್?"

"ಯಜಮಾನ್ರದ್ದ್ ಮಾತ್ರ. ನಿಮ್ದ್ ನಿಮ್ಮ್ ದುಡಿಮಿದ್, ಅದನ್ ಯಾರೂ ಮುಟ್ಟುಕ್ ಆತಿಲ್ಲ."

ಈ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡೇ ಅಮ್ಮ ಸಹಿ ಹಾಕಿದಳು. ಬಸ್ಸಿಗೆ ಕಾಯುವಾಗ ನನ್ನತ್ತ ತಿರುಗಿದಳು. "ನಾ ಇನ್ನೊಂದ್ ಮದಿ ಆತೆ ಅಂದೇಳಿ ಅವ್ರಿಗ್ ಹೇಳಿದ್ ಯಾರ್? ನೀನಾ?"

ಪಿಂಚಣಿಯ ಸಂಶಯ ಬಗೆಹರಿಯಿತು. ನನ್ನ ಮೇಲಿನದ್ದು ಇನ್ನೂ ವಿಚಾರಣೆಯಲ್ಲಿದೆ.