ಕೆಂಪು ಅಂದರೆ ಹೇಗೆ?

ದರ್ಜಿಯ ಮಗನಿಗೆ ಬೀದಿಯವರೆಲ್ಲ ಪೈಲಟ್ ಎಂದೇ ಹೆಸರಿಟ್ಟಿದ್ದರು. ಯುದ್ಧವಿಮಾನ ಹಾರಿಸುವ ಹುಚ್ಚು ಅವನಿಗೆ ಹಾಲುಹಲ್ಲು ಬೀಳುವ ಮೊದಲೇ ಹತ್ತಿತ್ತು. ದೊಡ್ಡವನಾಗಿ ವಾಯುಪಡೆಗೆ ಅರ್ಜಿ ಹಾಕಿ, ಬರೆಯುವ ಪರೀಕ್ಷೆ ಗೆದ್ದ, ಓಟ ಗೆದ್ದ. ಉಳಿದದ್ದು ಕಣ್ಣಿನ ಪರೀಕ್ಷೆ. ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕವೊಂದನ್ನು ತೆರೆದು ಮುಂದಿಟ್ಟರು.

“ಏನು ಕಾಣುತ್ತೆ?”

“ಚುಕ್ಕೆ, ಸಾರ್.”

“ಚುಕ್ಕೆ ನಂಗೂ ಕಾಣುತ್ತಪ್ಪ. ಅದರೊಳಗೆ ಯಾವ ಅಂಕಿ ಇದೆ?”

ತಮಾಷೆಯೆಂದುಕೊಂಡು ಅವನು ನಕ್ಕುಬಿಟ್ಟ. ಡಾಕ್ಟರು ನಗಲಿಲ್ಲ. ಹಾಳೆ ತಿರುವಿದರು, ಮತ್ತೂ ತಿರುವಿದರು. ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣದವನ ಕೈಗೆ ವಿಮಾನ ಕೊಡುವುದಿಲ್ಲವೆಂದು ಮನೆಗೆ ಕಳಿಸಿದರು.

“ಆ ಡಾಕ್ಟರ ಕಣ್ಣಿಗೇ ಪೊರೆ ಬಂದಿರಬೇಕು!” ಎಂದು ಅಮ್ಮ ಸಿಡಿದಳು. “ಹದ್ದಿನ ಕಣ್ಣು ನನ್ನ ಮಗಂದು. ಎಲ್ಲಿ, ಕೆಂಪು ರೀಲು ತಾ ನೋಡೋಣ.”

ಅಂಗಡಿಯ ಗೋಡೆಯ ತುಂಬ ಮೊಳೆ, ಮೊಳೆಗೊಂದು ದಾರದ ರೀಲು. ಯಾವ ಮೊಳೆಯದು ಆ ಮೊಳೆಗೇ ಹೋಗಬೇಕೆಂಬುದು ಅಪ್ಪನ ಕಟ್ಟಪ್ಪಣೆ. ಅವನು ತಡವರಿಸದೆ ಕೆಂಪು ತಂದ, ಹಸಿರು ತಂದ.

“ಕಂಡ್ರಾ!” ಎಂದು ಅಮ್ಮ ಸೊಂಟಕ್ಕೆ ಕೈಯಿಟ್ಟಳು.

ಅಕ್ಕ ರೀಲುಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡು ಕಲಸಿದಳು. “ಈಗ ಕೆಂಪು ತೆಗಿಯೋ.”

ಅವನು ತೆಗೆದದ್ದು ಹಸಿರು. ಮತ್ತೆ ತೆಗೆದ, ಅದು ಕಂದು. ಅಪ್ಪನ ಹೊಲಿಗೆ ಯಂತ್ರ ನಿಂತಿತು. ಇಷ್ಟು ವರ್ಷ ತಾನು ನೋಡಿದ್ದು ಮೊಳೆಯನ್ನು, ಬಣ್ಣವನ್ನಲ್ಲ ಎಂಬುದು ಅವನಿಗೂ ಅವತ್ತೇ ತಿಳಿದದ್ದು.

ಊಟ ಬಿಟ್ಟು, ಗೋಡೆಗೆ ಮುಖಮಾಡಿ ಮಲಗಿದ. ಯಾರೂ ಎಬ್ಬಿಸಲಿಲ್ಲ. ಮರುದಿನ ತಾನಾಗಿಯೇ ಎದ್ದು ಬಂದವನು, “ಅಮ್ಮಾ, ಕೆಂಪು ಅಂದ್ರೆ ಹೇಗಿರುತ್ತೆ?” ಎಂದ.

“ಹೇಗೆ ಅಂದ್ರೆ... ಬಿಸಿ ಇದ್ದ ಹಾಗೆ ಕಣೋ.”

“ಇಸ್ತ್ರಿಪೆಟ್ಟಿಗೇನೂ ಬಿಸಿ. ಅದು ಕಪ್ಪಲ್ವಾ?”

ಹುಟ್ಟಿದಾಗಿನಿಂದ ಕಂಡದ್ದನ್ನು ಹೇಳಲು ಅಮ್ಮನಿಗೂ ಬರಲಿಲ್ಲ. ಅವನಿಗೆ ಅದೇ ಸೋಜಿಗವಾಯಿತು.

ಅಪ್ಪನ ಜೊತೆ ಬಟ್ಟೆ ಕತ್ತರಿಸಲು ಕೂತ ಮೊದಲ ವಾರವೇ ಎದುರಂಗಡಿಯ ಕ್ಷೌರಿಕ ಕೂಗಿದ: “ಏನಪ್ಪಾ ಪೈಲಟ್, ಹಾರೋದು ಯಾವಾಗ?”

ಅವನು ಕತ್ತರಿ ಕೆಳಗಿಟ್ಟು ಬೀದಿ ದಾಟಿ ಹೋದ. “ಇನ್ನು ಹಾರೋದಿಲ್ಲ, ಮಾವ. ಈ ಟವಲು ಯಾವ ಬಣ್ಣ?”

“ಕೆಂಪು.”

“ಕೆಂಪು ಅಂದ್ರೆ ಹೇಗೆ? ಇನ್ನೊಂದು ಬಣ್ಣದ ಹೆಸರು ಹೇಳದೆ ಹೇಳಿ.”

ಕ್ಷೌರಿಕನ ಕತ್ತಿ ಗಾಳಿಯಲ್ಲೇ ನಿಂತಿತು. ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಮೇಷ್ಟ್ರು ನೊರೆಯ ನಡುವಿನಿಂದಲೇ, “ತಡಿ, ನಾನು ಹೇಳ್ತೀನಿ,” ಎಂದು ಬೆರಳೆತ್ತಿದರು. ಎತ್ತಿದ ಬೆರಳು ಹಾಗೇ ಉಳಿಯಿತು.