ತೀರಾ ನೆಟ್ಟಗಿದ್ದ ಗೆರೆ

ನಮ್ಮ ಆಸ್ಪತ್ರೆಯ ರೇಡಿಯೇಷನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿರುವ ಹಿರಿಯ ಟೆಕ್ನಿಷಿಯನ್‌ಗೆ ಎಲ್ಲರೂ ಸೇರಿ ಇಟ್ಟ ಹೆಸರು ಮಿಲ್ಲಿಮೀಟರಕ್ಕ. ಎದುರಿಗೆ ಮಾತ್ರ ಬರೀ ಅಕ್ಕ. ಮನೆಯ ಗೋಡೆ ಗಡಿಯಾರ ಕೂದಲೆಳೆಯಷ್ಟು ವಾಲಿದ್ದರೂ ಅವರಿಗೆ ತುತ್ತು ಇಳಿಯುವುದಿಲ್ಲವೆಂದು ಅವರ ಯಜಮಾನರೇ ಒಮ್ಮೆ ನನ್ನ ಹತ್ತಿರ ಗೋಳು ತೋಡಿಕೊಂಡಿದ್ದರು. ರೋಗಿಯನ್ನು ಮುಟ್ಟುವ ಮೊದಲು ಅಕ್ಕ ಬಿಸಿನೀರಿನ ಬಾಟಲಿಯನ್ನು ಅಂಗೈಗಳಲ್ಲಿ ಒತ್ತಿ ಹಿಡಿಯುತ್ತಾರೆ. ತಣ್ಣನೆ ಕೈ ತಗುಲಿದರೆ ಮಲಗಿದವಳು ಬೆಚ್ಚುತ್ತಾಳೆ, ಬೆಚ್ಚಿದರೆ ಭುಜ ಬಿಗಿಯುತ್ತದೆ, ಭುಜ ಬಿಗಿದರೆ ಎದೆ ಜರುಗುತ್ತದೆ ಎಂಬುದು ಅವರ ಲೆಕ್ಕ.

ನಾನು ಅವರ ಕೈಕೆಳಗೆ ಸೇರಿ ಏಳು ತಿಂಗಳಾಗಿದೆ. ನನ್ನ ಕೈ ಸದಾ ತಣ್ಣಗೆ, ಮೇಲಾಗಿ ನಡುಕ. ನಾನು ಮೈಮೇಲೆ ಎಳೆದ ಗುರುತಿನ ಗೆರೆ, ಶಾಯಿ ಮೆತ್ತಿಕೊಂಡ ಇರುವೆ ದಾರಿ ತಪ್ಪಿ ನಡೆದಂತಿರುತ್ತದೆ. ಸಂಬಳ ಕೊಡುವವರು ಅದನ್ನು ಇನ್ನೂ ಗಮನಿಸಿಲ್ಲ.

ಆ ಗುರುವಾರ ಬೆಳಿಗ್ಗೆ ಮೂರನೆಯವರಾಗಿ ಬಂದದ್ದು ದರ್ಜಿಯಮ್ಮ. ಎಡ ಸ್ತನದ ಕ್ಯಾನ್ಸರ್ ಆಪರೇಷನ್ ಮುಗಿದು, ದಿನಕ್ಕೊಂದರಂತೆ ಎಂಟು ರೇಡಿಯೇಷನ್ ಆಗಿತ್ತು. ಇಳಿಜಾರು ಹಲಗೆಯ ಮೇಲೆ ಮಲಗಿ, ಎರಡೂ ಕೈಯನ್ನು ತಲೆಯ ಮೇಲಕ್ಕೆತ್ತಿ ಹಿಡಿಕೆ ಹಿಡಿದುಕೊಳ್ಳಬೇಕು. ಗೋಡೆಗಳಿಂದಲೂ ಚಾವಣಿಯಿಂದಲೂ ಬೀಳುವ ಲೇಸರ್ ಗೆರೆಗಳು ಮೈಮೇಲಿನ ಶಾಯಿ ಗೆರೆಗಳ ಮೇಲೆ ಕೂರಬೇಕು. ಎಡಗಡೆಯಾದ್ದರಿಂದ ಕೆಳಗೇ ಹೃದಯ. ಒಂದು ಬೆರಳಗಲ ತಪ್ಪಿದರೂ ಕಿರಣ ಅದಕ್ಕೆ ತಾಗುತ್ತದೆ. ಎಕ್ಸ್-ರೇ ತೆಗೆದು ತಾಳೆ ನೋಡುವುದು ಸೋಮವಾರಕ್ಕೊಮ್ಮೆ; ಉಳಿದ ದಿನ ಆ ಗೆರೆಗಳೇ ಗತಿ.

ಅವತ್ತು ಲೇಸರ್ ಗೆರೆಗಳು ಬಂದು ಕೂತ ಚಂದಕ್ಕೆ ನನಗೇ ರೋಮಾಂಚನವಾಯಿತು. ಏಳು ತಿಂಗಳಲ್ಲಿ ಹೀಗೆ ಎಂದೂ ಆಗಿರಲಿಲ್ಲ. ರೆಡಿ ಎಂದು ಜಂಬದಿಂದ ಕೂಗಿ ಬಾಗಿಲ ಕಡೆ ಹೊರಟೆ. ಅಕ್ಕ ಅಲ್ಲಾಡಲಿಲ್ಲ. ಬಗ್ಗಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಗೆರೆ ನೋಡಿದರು.

"ಈ ಗೆರೆ ನಿಂದಲ್ಲ ಕಣೋ."

ಫೈಲಿನಲ್ಲಿದ್ದ ಮೊದಲ ದಿನದ ಫೋಟೊ ಹೊರತೆಗೆಸಿದರು. ಅದರಲ್ಲಿ ನನ್ನ ಇರುವೆ ಗೆರೆ ಒಂದು ಮಚ್ಚೆಯ ಕೆಳಗೆ ಹಾದುಹೋಗಿತ್ತು. ಈಗಿನ ಗೆರೆ ಮಚ್ಚೆಗಿಂತ ಮೇಲಿತ್ತು. ನನ್ನ ಜಂಬ ಚಪ್ಪಲಿಯೊಳಗೆ ಇಳಿಯಿತು. ಅಷ್ಟರಲ್ಲಿ ಡಾಕ್ಟರ ಫೋನು ಬಂತು. ಹೊರಗೆ ಎಂಟು ಜನ ಕಾಯುತ್ತಿದ್ದಾರೆ, ಏನು ತಡ ಎಂದರು. ಕಾಯಲಿ ಎಂದು ಅಕ್ಕ ಫೋನಿಟ್ಟುಬಿಟ್ಟರು.

"ಅಮ್ಮಾ, ಇದನ್ನ ಯಾರು ಹಾಕಿದ್ದು?"

ದರ್ಜಿಯಮ್ಮ ಚಾವಣಿ ನೋಡುತ್ತ ಒಪ್ಪಿಕೊಂಡರು. ಬೆವರಿಗೆ ಗುರುತು ಅಳಿಸಿತ್ತಂತೆ. ನಾವು ಬೈದೇವೆಂದು ಬೆಳಿಗ್ಗೆ ಸ್ನಾನವಾದ ಮೇಲೆ ಕನ್ನಡಿ ಮುಂದೆ ನಿಂತು, ಟೇಪು ಹಿಡಿದು ತಾವೇ ಎಳೆದುಕೊಂಡರಂತೆ.

"ನಲವತ್ತು ವರ್ಷ ಗುರುತು ಹಾಕಿ ಬಟ್ಟೆ ಕತ್ತರಿಸಿದೀನಿ ತಾಯಿ. ಒಂದು ಗೆರೆ ಸೊಟ್ಟ ಹೋಗಿಲ್ಲ."

"ಅದಕ್ಕೇ ಸಿಕ್ಕಿಬಿದ್ರಿ," ಎಂದರು ಅಕ್ಕ. "ನಮ್ಮವನು ಹಾಕಿದ್ರೆ ಇಷ್ಟು ನೆಟ್ಟಗಿರಲ್ಲ. ಒಂದು ಹೇಳಿ, ನೀವು ಬಟ್ಟೇನ ಮೇಜಿನ ಮೇಲೆ ಹರಡಿ ಗುರುತು ಹಾಕ್ತೀರೋ, ನೇತುಹಾಕೋ?"

ದರ್ಜಿಯಮ್ಮ ತಟ್ಟನೆ ಕಣ್ಣರಳಿಸಿದರು. ನಿಂತಾಗ ಎಳೆದ ಗೆರೆ, ಮಲಗಿ ಕೈ ಎತ್ತಿದಾಗ ಚರ್ಮದ ಜೊತೆಗೇ ಜರುಗಿತ್ತು. ಇನ್ನು ವಿವರಿಸುವ ಅಗತ್ಯ ಬೀಳಲಿಲ್ಲ.

ಸೋಮವಾರವಲ್ಲದಿದ್ದರೂ ಎಕ್ಸ್-ರೇ ತೆಗೆದೆವು. ಹೊರಗಿನ ಪರದೆಯಲ್ಲಿ ಪಕ್ಕೆಲುಬುಗಳು ಇರಬೇಕಾದ ಜಾಗದಿಂದ ಹನ್ನೆರಡು ಮಿಲ್ಲಿಮೀಟರ್ ದೂರವಿದ್ದವು. ಕಿರಣದ ಅಂಚಿನೊಳಗೆ ಹೃದಯದ ನೆರಳು ತುಂಬಿಕೊಂಡಿತ್ತು. ನಾನು ರೆಡಿ ಎಂದು ಕೂಗಿದ್ದು ಇದಕ್ಕೆ.

ಅಕ್ಕ ಅಂಗೈ ಬಿಸಿ ಮಾಡಿಕೊಂಡು ಒಳಗೆ ಹೋದರು. ದರ್ಜಿಯಮ್ಮ ಎಳೆದುಕೊಂಡಿದ್ದ ಗೆರೆ ಒರೆಸಿದರು. ಹಿಡಿಕೆಯ ನಂಬರು, ಹಲಗೆಯ ಇಳಿಜಾರು, ಗಲ್ಲದ ಓರೆ, ಎಲ್ಲವನ್ನೂ ಮೊದಲ ದಿನ ಅಳತೆ ಬರೆದಿಟ್ಟ ಕಾಗದಕ್ಕೆ ಸರಿಹೊಂದಿಸಿದರು. ಹೊರಗೆ ಬಂದು ಮತ್ತೆ ಚಿತ್ರ. ಆರು ಮಿಲ್ಲಿಮೀಟರ್. ಮತ್ತೆ ಒಳಗೆ ಹೋಗಿ ಭುಜ ಸಡಿಲಗೊಳಿಸಿ, ಮೈಯನ್ನು ಹೂವು ಎತ್ತಿದಂತೆ ಸರಿಸಿದರು. ಮೂರು. ನಾನು ಹೊರಗಿನಿಂದ ಟೇಬಲ್ ಸರಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಅಕ್ಕ ಹೇಳಿದಷ್ಟೇ ಒತ್ತಿದೆ. ಪರದೆಯಲ್ಲಿ ಎಲುಬಿನ ಮೇಲೆ ಎಲುಬು ಕೂತಿತು, ಹೃದಯ ಅಂಚಿನಿಂದ ಆಚೆ ಸರಿಯಿತು. ಒಂದು. ನಾನು ಕುಣಿಯದೆ ಉಳಿದದ್ದು ಜಾಗವಿಲ್ಲದ್ದರಿಂದ. ಅಕ್ಕ ಮಾತ್ರ, ಬಹುಶಃ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಖುಷಿ ತಡೆಯಲಾರದೆ, ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು.

ಕಿರಣ ಕೊಟ್ಟಾದ ಮೇಲೆ, ದರ್ಜಿಯಮ್ಮ ಮಲಗಿದ್ದ ಭಂಗಿಯಲ್ಲೇ ಹೊಸ ಗುರುತು ಹಾಕಬೇಕಿತ್ತು. ನಾನು ಮರ್ಯಾದೆಯಿಂದ ಪೆನ್ನನ್ನು ಅಕ್ಕನ ಕಡೆ ಚಾಚಿದೆ. ಅವರು ಅದರ ಬದಲು ಬಿಸಿನೀರಿನ ಬಾಟಲಿಯನ್ನು ನನ್ನ ಕೈಗೆ ತುರುಕಿದರು.

"ನೀನೇ ಹಾಕು. ಯಾರ ಕೈಲೂ ನಕಲು ಮಾಡಕ್ಕಾಗಲ್ಲ."

ದರ್ಜಿಯಮ್ಮ ನಕ್ಕರು. ನಗಬೇಡಿ ಅಮ್ಮಾ, ಎದೆ ಜರುಗುತ್ತೆ ಎಂದೆ.