ಇಬ್ಬರನ್ನು ಹತ್ತಿಸದ ಬ್ಯಾಟರಿ ಗಾಡಿ

ನಿಮ್ಮ ಗುರುತಿನವರೊಬ್ಬರು ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿರುವಾಗ, ನಿಮ್ಮ ಗಾಡಿಯ ಹಿಂದಿನ ಸೀಟು ಖಾಲಿಯಿದ್ದೂ, ಕಾಣದವರಂತೆ ನೀವು ಎಂದಾದರೂ ಅವರನ್ನು ದಾಟಿ ಹೋಗಿದ್ದೀರಾ? ನಾನು ಹೋಗಿದ್ದೇನೆ. ಮೂರು ಭಾನುವಾರ ಹೋಗಿದ್ದೇನೆ. ಅದೂ ಅವರಿಗೇ ಪಾಠ ಹೇಳಲೆಂದು ಹೊರಟ ದಾರಿಯಲ್ಲಿ.

ತೊಂಬತ್ತರ ದಶಕದಲ್ಲಿ ಶಿರಸಿಯ ಕಾಲೇಜಿನಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಗಳ ಹುಡುಗಿಯಾಗಿದ್ದೆ. ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ಪರ, ಬಲಗಡೆ ವಿರೋಧ ಬರೆದುಕೊಂಡು, ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ಮಾತಿಗೆ ಉತ್ತರವನ್ನು ಸಿದ್ಧವಾಗಿಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಮುಂದೆ ಯಲ್ಲಾಪುರದ ಕಾಲೇಜೊಂದರಲ್ಲಿ ಲೆಕ್ಕ ಕಲಿಸುವ ಕೆಲಸ ಸಿಕ್ಕಿತು; ಮದುವೆಯಾಗಿ ಮಾಗೋಡು ರಸ್ತೆಯ ಬದಿಯ ಮನೆಗೆ ಬಂದೆ. ಹಾಳೆ ಮಡಚುವ ಅಭ್ಯಾಸವೂ ಜೊತೆಗೇ ಬಂತು. ಎರಡು ಸಾವಿರದ ದಶಕದ ಕೊನೆಯ ಹೊತ್ತಿಗೆ ನಮ್ಮ ಕಡೆ ಬ್ಯಾಟರಿ ಗಾಡಿಗಳು ಕಾಣತೊಡಗಿದಾಗ ನಾನು ಮಾಡಿದ್ದೂ ಅದನ್ನೇ.

ಪರದ ಸಾಲು ಬೇಗ ತುಂಬಿತು. ನನ್ನ ಹಳೆಯ ಮೊಪೆಡ್ ಹೊಗೆಯುಗುಳುತ್ತಿತ್ತು, ಇದಕ್ಕೆ ಹೊಗೆಯಿಲ್ಲ. ಕಾಡಿನ ನಡುವಿನ ರಸ್ತೆಯಲ್ಲಿ ಗದ್ದಲವಿಲ್ಲ. ಲೈಸೆನ್ಸ್ ಬೇಡ, ನೋಂದಣಿ ಬೇಡ; ಹೆಂಗಸರು ಯಾರನ್ನೂ ಕೇಳದೆ ಓಡಿಸಬಹುದು. ವಿರೋಧದ ಸಾಲಿನಲ್ಲಿ ವೇಗ ಕಡಿಮೆ, ಕರೆಂಟು ಹೋಗುತ್ತದೆ, ಬ್ಯಾಟರಿ ಬಹುಕಾಲ ಬಾಳುವುದಿಲ್ಲ ಎಂದು ಬರೆದೆ. ಪ್ರತಿಯೊಂದಕ್ಕೂ ಪಕ್ಕದಲ್ಲೇ ಖಂಡನೆಯನ್ನೂ ಬರೆದೆ. ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಮನೆಗೆ, ಮೇಲೆ ಸಂಜೆಯ ಒಂದು ಸುತ್ತು: ಎಲ್ಲವೂ ಒಂದು ಚಾರ್ಜಿನೊಳಗೆ ಬರುತ್ತಿತ್ತು. ಹಿಂದೆ ಕೂರುವವರ ವಿಷಯ ಆ ಹಾಳೆಯ ಯಾವ ಬದಿಯಲ್ಲೂ ಇರಲಿಲ್ಲ.

ಶಿರಸಿಯ ಅಂಗಡಿಯಲ್ಲಿ ಮೊಪೆಡ್ ಕೊಟ್ಟು ಬ್ಯಾಟರಿ ಗಾಡಿ ತೆಗೆದುಕೊಂಡೆ. ಅಲ್ಲಿಂದ ಯಲ್ಲಾಪುರದವರೆಗೆ ಅದರ ಚಾರ್ಜು ಸಾಲುವ ಭರವಸೆ ಅಂಗಡಿಯವರಿಗೇ ಇರಲಿಲ್ಲ. ಆದ್ದರಿಂದ ಬಾಡಿಗೆಯ ಟೆಂಪೋದಲ್ಲಿ ಅದನ್ನು ಹೇರಿಸಿದೆವು. ಟೆಂಪೋ ಓಡಿಸುತ್ತಿದ್ದ ಶಿರಸಿಯ ಸಾಬರು ಹಗ್ಗ ಬಿಗಿಯುತ್ತ ಗಂಭೀರವಾಗಿ ಕೇಳಿದರು:

"ಮೇಡಮ್ಮೋರೆ, ಇದು ನಿಮ್ಮನ್ನ ಹೊರ್ತದೋ, ನೀವೇ ಇದನ್ನ ಹೊರಬೇಕೋ?"

"ನೋಡ್ತಾ ಇರಿ, ನಾಳೆ ನೀವೂ ಬ್ಯಾಟರಿ ಟೆಂಪೋ ತಗೋತೀರಿ" ಎಂದೆ.

"ಆಗ ಅದನ್ನ ಹೇರ್ಕೊಂಡು ಹೋಗೋಕೆ ಲಾರಿ ಬೇಕಾಗ್ತದೆ" ಎಂದು ಅವರು ಕೂತು ಟೆಂಪೋ ಶುರುಮಾಡಿದರು.

ಮೊದಲ ವಾರಗಳ ಸಂತೋಷವನ್ನು ನಾನು ಅಲ್ಲಗಳೆಯಲಾರೆ. ಸಂಜೆ ಮಾಗೋಡಿನ ಕಡೆಗೆ ಸುಮ್ಮನೆ ಹೊರಟರೆ ಮಂಗಟ್ಟೆ ಹಕ್ಕಿ ರೆಕ್ಕೆ ಬೀಸುವ ಸದ್ದು ಗಾಡಿಯಲ್ಲಿ ಕೂತೇ ಕೇಳುತ್ತಿತ್ತು. ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಅತ್ತೆ ಬೆಚ್ಚಿ, "ಎಂತ ಕೂಸೇ ಇದು, ಬಂದಿದ್ದೇ ಗೊತ್ತಾಗ್ತಿಲ್ಲೆ" ಎನ್ನುತ್ತಿದ್ದರು. ಅದನ್ನು ನಾನು ಪ್ರಶಂಸೆಯೆಂದೇ ತಿಳಿದಿದ್ದೆ.

ಈಗ ನನ್ನ ಹಿಂದೆ ಕೂರುತ್ತಿದ್ದವರ ವಿಷಯ. ನಮ್ಮ ಮನೆಯಾಚೆಗಿನ ಕೇರಿಯಲ್ಲಿ, ಕಿರವತ್ತಿಯಿಂದ ಮದುವೆಯಾಗಿ ಬಂದ ಹೆಂಗಸೊಬ್ಬಳಿದ್ದಳು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬಿ ಸಸಿ ಊರುವುದು ಅವಳ ಕೆಲಸ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಕೇರಿಯ ಅಂಗನವಾಡಿಯ ಕಾರ್ಯಕರ್ತೆ ನಿವೃತ್ತಿಯ ಅಂಚಿನಲ್ಲಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಆ ಕೆಲಸಕ್ಕೆ ಇವಳೂ ಅರ್ಜಿ ಹಾಕಬಹುದಿತ್ತು. ಶಾಲೆ ಬಿಟ್ಟ ಹೆಂಗಸರು ಖಾಸಗಿಯಾಗಿ ಪರೀಕ್ಷೆಗೆ ಕೂರಲೆಂದು ನಾವು ಕೆಲವರು ಯಲ್ಲಾಪುರದಲ್ಲಿ ಭಾನುವಾರ ಬೆಳಿಗ್ಗೆ ಉಚಿತ ತರಗತಿ ನಡೆಸುತ್ತಿದ್ದೆವು. ಒಲ್ಲೆನೆಂದವಳನ್ನು ವಾದಿಸಿ ಒಪ್ಪಿಸಿದವಳು ನಾನೇ. ಭಾನುವಾರ ಆ ಹೊತ್ತಿಗೆ ಬಸ್ಸಿರಲಿಲ್ಲ. ಪ್ರತಿ ವಾರ ಮೊಪೆಡ್‌ನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಅವಳು ಸೂತ್ರಗಳನ್ನು ನನ್ನ ಬೆನ್ನಿಗೆ ಒಪ್ಪಿಸುತ್ತಿದ್ದಳು.

ನಮ್ಮ ಮನೆಗೂ ಪಟ್ಟಣಕ್ಕೂ ನಡುವೆ ರಸ್ತೆ ಒಂದು ಹಳ್ಳಕ್ಕಿಳಿದು ಮತ್ತೆ ಏರುತ್ತದೆ. ಹೊಸ ಗಾಡಿಯಲ್ಲಿ ಇಬ್ಬರೂ ಹೊರಟ ಮೊದಲ ಭಾನುವಾರ, ಆ ಏರಿನ ಅರ್ಧದಲ್ಲಿ ಅದು ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನಿಂತೇ ಬಿಟ್ಟಿತು. ಸುಟ್ಟ ವಾಸನೆ ಬಂತು. ಅವಳು ಜಿಗಿದಿಳಿದು ಹಿಂದಿನಿಂದ ನೂಕಿದಳು.

"ಅಕ್ಕೋರೆ, ಇದು ನಮ್ಮನ್ಯಾಗಿನ ಎಮ್ಮಿ ಇದ್ದಾಂಗ ಐತ್ರಿ. ಏರು ಕಂಡ್ರ ನಿಲ್ತೈತಿ" ಎಂದು ನಕ್ಕಳು. ಪಾಠ ಹೇಳುವ ಹೆಂಗಸರನ್ನು ನಮ್ಮಲ್ಲಿ ಅಕ್ಕೋರು ಎನ್ನುತ್ತಾರೆ. ಮರುಕ್ಷಣ ಅವಳೇ ಹೇಳಿದಳು: "ನೀವು ಮುಂದ ಹೋಗ್ರಿ. ಉಳಿದೋರು ಕಾಯ್ತಿರ್ತಾರ. ನಾ ನಡ್ಕೊಂತ ಬರ್ತೀನಿ."

ನಾನು ಹೋದೆ. ಹತ್ತು ಮಂದಿ ಕಾಯುವಾಗ ಒಬ್ಬಳಿಗಾಗಿ ತಡಮಾಡುವುದು ಸರಿಯೇ ಎಂದು ನನ್ನೊಳಗಿನ ವಾಗ್ಮಿ ಕೇಳಿದಳು. ಉತ್ತರವನ್ನೂ ಅವಳೇ ಕೊಟ್ಟಳು. ಪಾಠ ಅರ್ಧ ಮುಗಿದಾಗ ಇವಳು ಬಂದು ಬಾಗಿಲ ಬಳಿ ಕೂತಳು. ಮುಂದಿನ ವಾರ ಕೇರಿಯ ತಿರುವಿನಲ್ಲಿ ನನಗಾಗಿ ನಿಂತಿರಲಿಲ್ಲ. ಗಾಡಿಗೆ ಭಾರವಾಗಬಾರದೆಂದು ಬೇಗನೆ ನಡೆದು ಹೊರಟಿದ್ದಳು.

ಅವಳನ್ನು ನಾನು ದಾರಿಯಲ್ಲಿ ಹಿಂದೆ ಹಾಕಿದ್ದು ಆಗಲೇ. ಮೊಪೆಡ್ ಆಗಿದ್ದರೆ ಸದ್ದಿಗೆ ಅವಳು ತಿರುಗುತ್ತಿದ್ದಳು. ತಿರುಗಿದರೆ ನಾನು ನಿಲ್ಲಲೇಬೇಕಿತ್ತು. ಈ ಗಾಡಿಗೆ ಸದ್ದಿರಲಿಲ್ಲ. ಸಮತಟ್ಟಿನಲ್ಲಿ ಹತ್ತಿಸಿಕೊಂಡು ಹಳ್ಳದಲ್ಲಿ ಇಳಿಸುವುದು ಅವಮಾನವಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಹ್ಯಾಂಡಲ್ ಬಿಗಿಹಿಡಿದು ನೇರ ನೋಡುತ್ತ ದಾಟಿದೆ. ತರಗತಿಯಲ್ಲಿ ಬಾಗಿಲ ಕಡೆ ನೋಡದಿರಲು ಪ್ರಯತ್ನಿಸಿದೆ, ನೋಡುತ್ತಲೇ ಇದ್ದೆ. ಮುಂದಿನ ಎರಡು ವಾರವೂ ಹೀಗೆಯೇ ಆಯಿತು.

ಆ ಮೂರನೆಯ ಭಾನುವಾರ ಮಧ್ಯಾಹ್ನ, ಪರಿಸರದ ಕುರಿತು ಮಾತಾಡಲು ಶಿರಸಿಯ ಸಭೆಯೊಂದಕ್ಕೆ ಬಸ್ಸಿನಲ್ಲಿ ಹೋದೆ. ನನ್ನ ಗಾಡಿಯನ್ನೇ ಉದಾಹರಣೆಯಾಗಿಟ್ಟು, ಮಾತು ಕಟ್ಟಿ ಕಟ್ಟಿ ಹೇಳಿದೆ. ಕೊನೆಯಲ್ಲಿ ಹಿಂದಿನ ಸಾಲಿನಿಂದ ಯಾರೋ ಕೇಳಿದರು: "ಮೇಡಂ, ಏರಲ್ಲಿ ಡಬಲ್ ಎಳೀತದಾ?"

"ಪ್ರತಿ ಹೆಣ್ಣುಮಗಳಿಗೂ ಅವಳದೇ ಗಾಡಿ ಇರುವ ದಿನ ಬರಲಿ, ಆಗ ಡಬಲ್ಲಿನ ಪ್ರಶ್ನೆಯೇ ಏಳುವುದಿಲ್ಲ" ಎಂದೆ. ಚಪ್ಪಾಳೆ ಬಿತ್ತು. ಕೇಳಿದವರು ಕೂತರು. ಇಂಥ ನುಣುಚಿಕೊಳ್ಳುವ ಮಾತುಗಳಿಗೆ ಕಾಲೇಜಿನಲ್ಲಿ ನನಗೆ ಬಹುಮಾನ ಬಂದಿತ್ತು. ಹಿಂದಿರುಗುವಾಗ ಬಸ್ಸಿನಲ್ಲಿ ಎರಡು ಬಾರಿ ಜಾಗ ಬದಲಿಸಿ ಕೂತೆ, ಎಲ್ಲಿಯೂ ಸರಿಹೋಗಲಿಲ್ಲ.

ನಂತರದ ಎರಡು ಭಾನುವಾರ ಅವಳು ತರಗತಿಗೆ ಬರಲಿಲ್ಲ. ಎರಡನೆಯ ವಾರ ಮುಗಿದ ಸೋಮವಾರ, ಕಾಲೇಜು ಬಿಟ್ಟೊಡನೆ ನರ್ಸರಿಗೆ ಹೋದೆ. ಮಣ್ಣು ತುಂಬುತ್ತಿದ್ದವಳು ತಲೆಯೆತ್ತಿ ನಕ್ಕಳು.

"ನಿಮ್ ಗಾಡಿ ದೆವ್ವದ ಗಾಡಿ ನೋಡ್ರಿ ಅಕ್ಕೋರೆ. ಬರೂದು ಕೇಳಂಗಿಲ್ಲ. ದಾಟಿ ಹೋದಮ್ಯಾಲ ನಿಮ್ ಸೀರಿ ಸೆರಗ ಕಾಣತೈತಿ."

ಅವಳು ಮೂರು ಸಲವೂ ನೋಡಿದ್ದಳು. ತರಗತಿಗೆ ಯಾಕೆ ಬರಲಿಲ್ಲ ಎಂದಷ್ಟೇ ಕೇಳಿದೆ.

"ವಾರಪೂರ್ತಿ ಇಲ್ಲಿ ಕುಕ್ಕರಗಾಲಲ್ಲಿ ಕುಂತಿರ್ತೀನಿ. ಭಾನುವಾರ ಅಷ್ಟು ದೂರ ನಡದು ಕುಂತ್ರ ನಿಮ್ ಲೆಕ್ಕ ತಲಿಗೆ ಹೋಗಂಗಿಲ್ರಿ, ಕಾಲ ನೋವೇ ಹೋಗ್ತೈತಿ." ಚೀಲವನ್ನು ಸಾಲಿಗಿಟ್ಟು ಮೆಲ್ಲಗೆ ಸೇರಿಸಿದಳು: "ಬಿಡ್ರಿ, ಈ ವರ್ಷ ಬ್ಯಾಡ."

"ತಪ್ಪು ನನ್ನದು. ಹಳ್ಳದ ಏರನ್ನು ನಾನು ನಡೀತೀನಿ, ನೀವು ಗಾಡಿ ಓಡಿಸಿ" ಎಂದೆ. ಹೇಳಿದ ಮೇಲೆಯೇ ಆ ಯೋಚನೆ ನನಗೂ ತಿಳಿದದ್ದು.

ಅವಳು ಕೈಯ ಮಣ್ಣು ಕೊಡವಿದಳು. "ಬಿದ್ರ ಗಾಡಿ ನಿಮ್ದು, ಕಾಲು ನಂದು. ವಿಚಾರ ಮಾಡ್ರಿ!"

ಚಿಕ್ಕಂದಿನಲ್ಲಿ ಕಿರವತ್ತಿಯಲ್ಲಿ ಅಣ್ಣನ ಸೈಕಲ್ ತುಳಿದಿದ್ದಳಂತೆ. ನಾಲ್ಕು ಸಂಜೆಗಳಲ್ಲಿ ಗಾಡಿ ಅವಳ ಕೈಗೆ ಹತ್ತಿತು. ಮುಂದಿನ ಭಾನುವಾರದಿಂದ ಹಳ್ಳದವರೆಗೆ ಇಬ್ಬರೂ ಕೂತು ಹೋಗುತ್ತಿದ್ದೆವು. ಅಲ್ಲಿ ನಾನಿಳಿದು ನಡೆಯುತ್ತಿದ್ದೆ. ಅವಳು ಓಡಿಸಿಕೊಂಡು ಹೋಗಿ ಮೇಲೆ ಕಾಯುತ್ತಿದ್ದಳು. ಏದುಸಿರು ಬಿಡುತ್ತ ತರಗತಿಗೆ ಬಂದರೆ ಉಳಿದ ಹೆಂಗಸರು, "ಇವತ್ತೂ ಅಕ್ಕೋರೇ ಲೇಟು, ಬೆಂಚ್ ಮೇಲೆ ನಿಲ್ಸಿ" ಎಂದು ನಗುತ್ತಿದ್ದರು. ಕಾಲೇಜಿನಲ್ಲಿ ಒಬ್ಬ ಸಹೋದ್ಯೋಗಿ, ಗಾಡಿ ಕೆಟ್ಟಿತೇ ಎಂದು ಕೇಳಿದರು. ಕೆಟ್ಟಿಲ್ಲ, ಅದರ ಶಕ್ತಿಯೇ ಅಷ್ಟು ಎಂದು ಮೊದಲ ಬಾರಿಗೆ ಇನ್ನೊಬ್ಬರ ಮುಂದೆ ಒಪ್ಪಿಕೊಂಡೆ.

ಎಲ್ಲವೂ ಸರಿಹೋಯಿತೆಂದು ಬರೆದು ಮುಗಿಸಬಹುದಿತ್ತು. ಆದರೆ ಅದು ನಿಜವಾಗುವುದಿಲ್ಲ. ಅವಳು ಪರೀಕ್ಷೆಗೆ ಕೂತಳು. ಲೆಕ್ಕವೊಂದನ್ನು ಬಿಟ್ಟು ಎಲ್ಲ ವಿಷಯಗಳಲ್ಲಿ ಪಾಸಾದಳು. ಅವಳು ತಡವಾಗಿ ಬಂದ ಮತ್ತು ಬಾರದೆ ಉಳಿದ ಭಾನುವಾರಗಳಲ್ಲಿ ನಾನು ಕಲಿಸಿದ್ದು ರೇಖಾಗಣಿತದ ಪ್ರಮೇಯಗಳು. ಸೋತದ್ದೂ ಅಲ್ಲಿಯೇ ಎಂದು ಅವಳೇ ಹೇಳಿದಳು. ಮರುಪರೀಕ್ಷೆಗೆ ಗಾಡಿಯನ್ನು ಅವಳಿಗೇ ಕೊಟ್ಟೆ. ಒಬ್ಬಳೇ ಹೋಗಿ ಬರೆದು ಬಂದಳು, ಪಾಸಾದಳು. ಅಷ್ಟರೊಳಗೆ ಅಂಗನವಾಡಿಯ ಅರ್ಜಿಯ ದಿನಾಂಕ ಮುಗಿದು, ಬೇರೆಯವರು ನೇಮಕವಾಗಿದ್ದರು.

"ಇನ್ನೊಂದು ಕರೀತಾರ್ರಿ, ಎಲ್ಲಿಗ ಹೋಗ್ತೈತಿ" ಎಂದು ಅಂಕಪಟ್ಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ನರ್ಸರಿಗೆ ಹೋದಳು. ನನಗೆ ಹಾಗೆನ್ನಲು ಆಗಲಿಲ್ಲ. ಆ ನೇಮಕದ ಸುದ್ದಿ ಕೇಳಿದ ದಿನ ತರಗತಿಯ ಕೋಣೆಯಲ್ಲಿ ಬೋರ್ಡನ್ನು ಒರೆಸಿ, ಮತ್ತೆ ಒರೆಸಿ, ಬರೆಯಬೇಕಾದ ಪ್ರಮೇಯ ನೆನಪಾಗದೆ ನಿಂತಿದ್ದೆ.

ಬ್ಯಾಟರಿ ಗಾಡಿ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಕಾಡಿನ ರಸ್ತೆಗಳಿಗೆ ಅದು ಬರಲೇಬೇಕು. ನಾನು ಕೇಳಿಕೊಳ್ಳುವುದು ಇಷ್ಟೇ: ಕೊಳ್ಳುವ ಮೊದಲು ಅದನ್ನು ನೀವು ದಿನವೂ ಹೋಗುವ ದಾರಿಯ ಅತಿ ಕಡಿದಾದ ಏರಿಗೆ ಒಯ್ಯಿರಿ. ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಹತ್ತಿಸಿ ನೋಡಿರಿ. ಹತ್ತದೆ ಹೋದರೆ, ದಯವಿಟ್ಟು ನೀವು ಇಳಿಯಿರಿ.